ಎರಡನೆಯ ಬಾಣ: ಬುದ್ಧ ಹೇಳಿದ ಎಚ್ಚರ ಎಲ್ಲಿ ಕೆಲಸ ಮಾಡುತ್ತದೆ?

ನಕುಲಪಿತ ಎಂಬ ಮುದುಕ ಒಮ್ಮೆ ಬುದ್ಧನನ್ನು ನೋಡಲು ಬಂದ. ಭಗ್ಗರ ನಾಡಿನ ಸುಂಸುಮಾರಗಿರಿ ಎಂಬ ಊರು. ಅಲ್ಲಿನ ಭೇಸಕಳಾ ವನದಲ್ಲಿ ಬುದ್ಧ ಉಳಿದುಕೊಂಡಿದ್ದ. "ಸ್ವಾಮಿ, ನನಗೆ ತುಂಬಾ ವಯಸ್ಸಾಯಿತು. ಮೈಯಲ್ಲಿ ಸದಾ ಒಂದಲ್ಲ ಒಂದು ಕಾಯಿಲೆ. ನಿಮ್ಮನ್ನು ನೋಡೋಕೆ ಬರುವುದೂ ಅಪರೂಪವಾಗಿದೆ. ನನಗೆ ಒಳ್ಳೆಯದಾಗುವಂಥ ಒಂದು ಮಾತು ಹೇಳಿ" ಎಂದು ಕೇಳಿಕೊಂಡ.

"ಎಲ್ಲ ಸರಿಹೋಗುತ್ತೆ" ಎಂದು ಬುದ್ಧ ಸಮಾಧಾನ ಮಾಡಲಿಲ್ಲ. "ನಿಜ ಗೃಹಪತಿ, ಈ ಮೈ ಕಾಯಿಲೆಯ ಮೈಯೇ. ಇಂಥ ಮೈ ಹೊತ್ತುಕೊಂಡು ಒಂದು ಗಳಿಗೆಯಾದರೂ ನಾನು ಆರೋಗ್ಯವಾಗಿದ್ದೇನೆ ಅನ್ನುವವನದು ಬರೀ ತಿಳಿಗೇಡಿತನ. ಅದಕ್ಕೇ ನೀನು ಹೀಗೆ ಅಭ್ಯಾಸ ಮಾಡು: ಮೈಗೆ ಕಾಯಿಲೆಯಾದರೂ ನನ್ನ ಮನಸ್ಸಿಗೆ ಕಾಯಿಲೆ ಆಗಬಾರದು" ಎಂದ.

ಮುದುಕನಿಗೆ ಖುಷಿಯಾಯಿತು. ಎದ್ದು ಹೊರಟವನಿಗೆ ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತ ಸಿಕ್ಕ. "ಏನು ಗೃಹಪತಿ, ಮುಖ ಇಷ್ಟು ತಿಳಿಯಾಗಿದೆ?" ಎಂದು ವಿಚಾರಿಸಿದ. ಮುದುಕ ನಡೆದದ್ದನ್ನು ಹೇಳಿದ. ಸಾರಿಪುತ್ತ ಇನ್ನೊಂದು ಪ್ರಶ್ನೆ ಹಾಕಿದ: "ಮೈಯ ಜೊತೆ ಮನಸ್ಸಿಗೂ ಕಾಯಿಲೆ ಆಗೋದು ಹೇಗೆ, ಮೈಗೆ ಆದರೂ ಮನಸ್ಸಿಗೆ ಆಗದೇ ಇರೋದು ಹೇಗೆ ಅಂತ ನೀನು ಕೇಳಲಿಲ್ಲವೇ?" ಮುದುಕ ಕೇಳಿರಲಿಲ್ಲ. ಅದನ್ನು ಸಾರಿಪುತ್ತನೇ ವಿವರಿಸಿದ.

ಈ "ಹೇಗೆ" ನಮಗೂ ಬೇಕಾದದ್ದು. ಈಗ ಎಲ್ಲ ಕಡೆ ಮೈಂಡ್‌ಫುಲ್‌ನೆಸ್ ಅಂದರೆ ಎಚ್ಚರದ ಮಾತು ಕೇಳಿಬರುತ್ತದೆ. ಫೋನಿನಲ್ಲಿ ಆ್ಯಪ್ ಇದೆ, ಕಚೇರಿಯಲ್ಲಿ ತರಬೇತಿ ಇದೆ, ಶಾಲೆಯಲ್ಲಿ ಮಕ್ಕಳಿಗೆ ಉಸಿರು ಗಮನಿಸೋದನ್ನು ಹೇಳಿಕೊಡುತ್ತಾರೆ. ಬಹಳ ಜನ ಇದನ್ನು ಮನಸ್ಸನ್ನು ತಣ್ಣಗಾಗಿಸುವ ಉಪಾಯ ಅಂದುಕೊಂಡಿದ್ದಾರೆ. ತಣ್ಣಗಾಗುವುದು ಒಳ್ಳೆಯದೇ. ಆದರೆ ಬುದ್ಧ ಹೇಳಿದ ಎಚ್ಚರಕ್ಕೆ ಅದಕ್ಕಿಂತ ದೊಡ್ಡ ಕೆಲಸವಿದೆ, ಮತ್ತು ಅದು ಕೆಲಸ ಮಾಡುವ ಜಾಗ ತುಂಬಾ ನಿರ್ದಿಷ್ಟ. ಆ ಜಾಗ ಯಾವುದೆಂದು ಗೊತ್ತಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಅದನ್ನು ತೋರಿಸುವುದಕ್ಕೇ ಈ ಲೇಖನ.

ಬಾಣ ಎರಡು

ಬುದ್ಧನ ಉಪದೇಶಗಳ ಪಾಳಿ ಸಂಗ್ರಹಗಳಲ್ಲಿ ಒಂದಾದ ಸಂಯುತ್ತ ನಿಕಾಯದಲ್ಲಿ ಸಲ್ಲತ್ಥ ಸುತ್ತ ಎಂಬ ಚಿಕ್ಕ ಉಪದೇಶವಿದೆ. ಅಲ್ಲಿ ಬುದ್ಧ ತನ್ನ ಭಿಕ್ಷುಗಳ ಮುಂದೆ ಒಂದು ನೇರ ಪ್ರಶ್ನೆ ಇಡುತ್ತಾನೆ. ಅಭ್ಯಾಸ ಇಲ್ಲದ ಸಾಮಾನ್ಯ ಮನುಷ್ಯನಿಗೂ ಸುಖ ಆಗುತ್ತದೆ, ನೋವು ಆಗುತ್ತದೆ, ಎರಡೂ ಅಲ್ಲದ್ದೂ ಆಗುತ್ತದೆ. ಅಭ್ಯಾಸ ಮಾಡಿದ ಶಿಷ್ಯನಿಗೂ ಇವು ಮೂರೂ ಆಗುತ್ತವೆ. ಹಾಗಾದರೆ ಇಬ್ಬರಿಗೂ ವ್ಯತ್ಯಾಸವೇನು?

ಉತ್ತರವನ್ನೂ ಅವನೇ ಕೊಡುತ್ತಾನೆ. ಒಬ್ಬನಿಗೆ ಒಂದು ಬಾಣ ಚುಚ್ಚಿತು. ಬೆನ್ನಿಗೇ ಇನ್ನೊಂದು ಬಾಣವೂ ಚುಚ್ಚಿತು. ಅವನು ಎರಡು ಬಾಣಗಳ ನೋವು ತಿನ್ನುತ್ತಾನೆ. ಅಭ್ಯಾಸ ಇಲ್ಲದವನ ಪಾಡು ಇದೇ. ಮೈಗೆ ನೋವಾದಾಗ ಅವನು ಅಳುತ್ತಾನೆ, ಎದೆ ಬಡಿದುಕೊಳ್ಳುತ್ತಾನೆ, ದಿಕ್ಕು ತಪ್ಪುತ್ತಾನೆ. ಮೈಯ ನೋವು ಒಂದು, ಮನಸ್ಸಿನ ನೋವು ಇನ್ನೊಂದು. ಅಭ್ಯಾಸ ಮಾಡಿದವನಿಗೆ ಮೊದಲ ಬಾಣ ಮಾತ್ರ ತಾಗುತ್ತದೆ.

ಈ ಎರಡು ಬಾಣಗಳ ಮಾತು ಈಗ ಸಾಕಷ್ಟು ಪ್ರಸಿದ್ಧ. ಆದರೆ ಸುತ್ತ ಅಲ್ಲಿಗೆ ನಿಲ್ಲುವುದಿಲ್ಲ. ಜನ ಬಿಟ್ಟುಬಿಡುವ ಮುಂದಿನ ಭಾಗವೇ ನನಗೆ ಜಾಸ್ತಿ ಮುಖ್ಯ ಅನಿಸುತ್ತದೆ. ನೋವಾದಾಗ ಸಾಮಾನ್ಯ ಮನುಷ್ಯ ಅದನ್ನು ದ್ವೇಷಿಸುತ್ತಾನೆ. ದ್ವೇಷಿಸಿ ಸುಖದ ಕಡೆಗೆ ಓಡುತ್ತಾನೆ. ಯಾಕೆ? ಇಂದ್ರಿಯಸುಖ ಬಿಟ್ಟರೆ ನೋವಿನಿಂದ ತಪ್ಪಿಸಿಕೊಳ್ಳಲು ಇನ್ನೊಂದು ದಾರಿ ಇದೆ ಅನ್ನೋದೇ ಅವನಿಗೆ ಗೊತ್ತಿಲ್ಲ. ಬುದ್ಧ ಇಲ್ಲಿ ಯಾರನ್ನೂ ಬೈಯುತ್ತಿಲ್ಲ. ದಾರಿ ಗೊತ್ತಿಲ್ಲ ಅಷ್ಟೇ ಅನ್ನುತ್ತಾನೆ. ಬೇಜಾರಾದ ಕೂಡಲೇ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ ಅಲ್ವಾ? ಸಂಜೆಯ ಸುಸ್ತಿಗೆ ಬೋಂಡಾ, ಒಂಟಿತನಕ್ಕೆ ಇನ್ನೊಂದು ರೀಲು. ಅದರಲ್ಲಿ ಪಾಪವೇನೂ ಇಲ್ಲ. ಆದರೆ ಓಡುವ ಮುಂಚೆ ಏನಾಯಿತು ಅನ್ನೋದನ್ನು ನಾವು ನೋಡಿಯೇ ಇರುವುದಿಲ್ಲ.

ಮೊದಲ ಬಾಣ ಮೈಯ ನೋವೇ ಆಗಬೇಕೆಂದಿಲ್ಲ. ಮದುವೆ ಮನೆಯ ಊಟದ ಸಾಲಿನಲ್ಲಿ ದೊಡ್ಡಮ್ಮ ಕೇಳುತ್ತಾರೆ: "ಇನ್ನೂ ಅದೇ ಕೆಲಸದಲ್ಲೇ ಇದ್ದೀಯಾ?" ಎಂಟು ಜನರ ಮುಂದೆ ಬಂದ ಮಾತು. ಎದೆಯಲ್ಲಿ ಚುರುಕ್ ಅನ್ನುತ್ತದೆ, ಕಿವಿ ಬಿಸಿಯಾಗುತ್ತದೆ. ಇದು ಮೊದಲನೆಯ ಬಾಣ. ಕಾಲು ನಿಮಿಷದ ಕಥೆ. ಆಮೇಲೆ ಶುರು. ಬೇಕೂಂತಲೇ ಕೇಳಿದರು. ಹೋದ ವರ್ಷ ಗೃಹಪ್ರವೇಶದಲ್ಲೂ ಹೀಗೇ ಅಂದಿದ್ದರು. ನಾನು ಹೀಗೆ ಉತ್ತರ ಕೊಡಬೇಕಿತ್ತು. ನನ್ನ ಹಣೆಬರಹವೇ ಇಷ್ಟು. ರಾತ್ರಿ ಎರಡು ಗಂಟೆಗೆ ದೊಡ್ಡಮ್ಮ ಸುಖವಾಗಿ ನಿದ್ದೆ ಮಾಡುತ್ತಿರುತ್ತಾರೆ. ಬಾಣ ಹೊಡೆಯುತ್ತಿರುವವರು ಬೇರೆ ಯಾರೋ.

ಕೊಂಡಿ ಬೀಳುವ ಜಾಗ

ಎರಡನೆಯ ಬಾಣ ಎಲ್ಲಿಂದ ಬರುತ್ತದೆ ಎಂದು ಬುದ್ಧ ಹಂತ ಹಂತವಾಗಿ ಬಿಡಿಸಿ ತೋರಿಸಿದ್ದಾನೆ. ಇದನ್ನು ಪಟಿಚ್ಚಸಮುಪ್ಪಾದ ಅನ್ನುತ್ತಾರೆ. ಒಂದನ್ನು ಆಧರಿಸಿ ಇನ್ನೊಂದು ಹುಟ್ಟುವ ಸರಪಣಿ. ಪೂರ್ತಿ ಸರಪಣಿಯಲ್ಲಿ ಹನ್ನೆರಡು ಕೊಂಡಿಗಳಿವೆ. ದಿನದಿನದ ಬದುಕಿಗೆ ನಡುವಿನ ನಾಲ್ಕು ಸಾಕು.

ಕಣ್ಣಿಗೆ ಒಂದು ನೋಟ, ಕಿವಿಗೆ ಒಂದು ಮಾತು, ಮನಸ್ಸಿಗೆ ಒಂದು ನೆನಪು ತಾಗುತ್ತದೆ. ಇದು ಸ್ಪರ್ಶ. ತಾಗಿದ ಕೂಡಲೇ ಅದು ಹಿತ, ಅಹಿತ, ಅಥವಾ ಎರಡೂ ಅಲ್ಲ ಎಂದು ಅನುಭವಕ್ಕೆ ಬರುತ್ತದೆ. ಪಾಳಿಯಲ್ಲಿ ಇದಕ್ಕೆ ವೇದನಾ ಎಂದು ಹೆಸರು. ಅದರ ಬೆನ್ನಿಗೆ ತಣ್ಹಾ, ಅಂದರೆ ಹಪಹಪಿ: ಇದು ಬೇಕು, ಇದು ಇರಲಿ, ಇದು ತೊಲಗಲಿ. ಹಪಹಪಿ ಬಲಿತರೆ ಉಪಾದಾನ, ಗಟ್ಟಿಯಾಗಿ ಹಿಡಿದುಕೊಳ್ಳುವುದು. ಇದು ನನ್ನದು, ನಾನಿರೋದೇ ಹೀಗೆ, ಅವರು ನನಗೆ ಹೀಗೆ ಮಾಡಬಾರದಿತ್ತು. ಅಲ್ಲಿಂದ ಮುಂದೆ ದುಃಖದ ರಾಶಿ.

ಇದರಲ್ಲಿ ಮೊದಲ ಎರಡು ನಮ್ಮ ಕೈಯಲ್ಲಿಲ್ಲ. ಕಿವಿ ಇರುವವರೆಗೆ ಮಾತು ಬೀಳುತ್ತದೆ. ಬಿದ್ದ ಮಾತು ಹಿತವೋ ಅಹಿತವೋ ಆಗಿಯೇ ಆಗುತ್ತದೆ. ಬುದ್ಧನಿಗೂ ಆಗುತ್ತಿತ್ತು. ಆದರೆ ಹಿತ-ಅಹಿತದಿಂದ ಹಪಹಪಿಗೆ ಹೋಗುವ ಆ ಹೆಜ್ಜೆ ಹಾಗಲ್ಲ. ಅದು ಅಭ್ಯಾಸಬಲದಿಂದ ಆಗುವುದು. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಆಗುವುದರಿಂದ ಎರಡೂ ಒಂದೇ ಅಂತ ಅನಿಸುತ್ತದೆ. ನೋವು ಎಂದರೆ ಕಿರಿಕಿರಿ, ಸುಖ ಎಂದರೆ ಇನ್ನಷ್ಟು ಬೇಕು. ಇವೆರಡರ ನಡುವೆ ಒಂದು ಸಂದು ಇದೆ ಅನ್ನೋದು ಬುದ್ಧ ಕಂಡುಕೊಂಡ ಸತ್ಯ. ಎಚ್ಚರ ಕೆಲಸ ಮಾಡುವುದು ಆ ಸಂದಿನಲ್ಲಿ. ಅಹಿತವನ್ನು ಅಹಿತ ಎಂದು ಅದು ಆದಾಗಲೇ ಗುರುತಿಸಿದರೆ, ಮುಂದಿನ ಕೊಂಡಿ ತಾನಾಗಿ ಬೀಳಬೇಕಾದ ಬಲವಂತ ಇರುವುದಿಲ್ಲ.

ಇದನ್ನು ಅತ್ಯಂತ ಚೆನ್ನಾಗಿ ಬಿಡಿಸಿ ಹೇಳಿದವರಲ್ಲಿ ಒಬ್ಬಳು ಧಮ್ಮದಿನ್ನಾ ಎಂಬ ಭಿಕ್ಷುಣಿ. ರಾಜಗೃಹದಲ್ಲಿ ವಿಶಾಖ ಎಂಬ ಗೃಹಸ್ಥ ಅವಳನ್ನು ಪ್ರಶ್ನೆ ಕೇಳಲು ಬರುತ್ತಾನೆ. ಅವಳು ಮನೆ ಬಿಡುವ ಮುಂಚೆ ಅವನೇ ಅವಳ ಗಂಡನಾಗಿದ್ದ ಎಂದು ಸಂಪ್ರದಾಯ ಹೇಳುತ್ತದೆ. ಒಂದಾದ ಮೇಲೊಂದು ಕಷ್ಟದ ಪ್ರಶ್ನೆ ಹಾಕುತ್ತಾನೆ. ಅವಳು ಒಂದಕ್ಕೂ ತಡವರಿಸುವುದಿಲ್ಲ. ಸುಖದ ಅಡಿಯಲ್ಲಿ ಆಸೆಯ ಒಲವು ಮಲಗಿರುತ್ತದೆ, ನೋವಿನ ಅಡಿಯಲ್ಲಿ ಸಿಟ್ಟಿನ ಒಲವು, ಎರಡೂ ಅಲ್ಲದ್ದರ ಅಡಿಯಲ್ಲಿ ಅಜ್ಞಾನದ ಒಲವು ಎನ್ನುತ್ತಾಳೆ. ಆಮೇಲೆ ಇನ್ನೂ ಸೂಕ್ಷ್ಮವಾದದ್ದನ್ನು ಹೇಳುತ್ತಾಳೆ. ಸುಖ ಇರುವಾಗ ಹಿತ, ಬದಲಾದಾಗ ನೋವು. ನೋವು ಇರುವಾಗ ನೋವು, ಬದಲಾದಾಗ ಹಿತ. ಎರಡೂ ಅಲ್ಲದ್ದು ತಿಳಿದಾಗ ಹಿತ, ತಿಳಿಯದಿದ್ದಾಗ ನೋವು. ಬೇಜಾರು ಅಂತ ನಾವು ಕರೆಯುವುದರ ಬಗ್ಗೆ ಇದಕ್ಕಿಂತ ಚೊಕ್ಕವಾದ ಮಾತು ನಾನು ಓದಿಲ್ಲ. ವಿಶಾಖ ಹೋಗಿ ಇದನ್ನೆಲ್ಲ ಬುದ್ಧನಿಗೆ ವರದಿ ಮಾಡಿದ. "ನನ್ನನ್ನು ಕೇಳಿದ್ದರೂ ನಾನು ಹೀಗೇ ಹೇಳುತ್ತಿದ್ದೆ" ಎಂದು ಬುದ್ಧ ಒಪ್ಪಿದ.

ಬಿಡಬೇಕಾದದ್ದು ಯಾವುದು?

ಸಾರನಾಥದಲ್ಲಿ ಐವರು ಭಿಕ್ಷುಗಳಿಗೆ ಬುದ್ಧ ಹೇಳಿದ ನಾಲ್ಕು ಸತ್ಯಗಳನ್ನು ನಾವು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೇವೆ. ದುಃಖವಿದೆ, ಅದಕ್ಕೆ ಕಾರಣವಿದೆ, ಅದು ಕೊನೆಗೊಳ್ಳುತ್ತದೆ, ಕೊನೆಗೊಳಿಸುವ ದಾರಿಯಿದೆ. ಪರೀಕ್ಷೆಗೆ ಇಷ್ಟು ಸಾಕು. ಬದುಕಿಗೆ ಸಾಲದು. ಆ ಉಪದೇಶದಲ್ಲೇ ಬುದ್ಧ ಪ್ರತಿ ಸತ್ಯಕ್ಕೂ ಒಂದೊಂದು ಕೆಲಸ ಹಚ್ಚಿದ್ದಾನೆ. ದುಃಖವನ್ನು ಪೂರ್ತಿ ಅರ್ಥಮಾಡಿಕೊಳ್ಳಬೇಕು. ಹಪಹಪಿಯನ್ನು ಬಿಡಬೇಕು. ದುಃಖದ ಕೊನೆಯನ್ನು ಸ್ವತಃ ಕಾಣಬೇಕು. ದಾರಿಯನ್ನು ಬೆಳೆಸಿಕೊಳ್ಳಬೇಕು.

ಗಮನಿಸಿ, ಬಿಡು ಅಂದದ್ದು ಹಪಹಪಿಯನ್ನು. ದುಃಖವನ್ನು ಬಿಡು ಅಂತ ಹೇಳಲೇ ಇಲ್ಲ. ಅದನ್ನು ಅರ್ಥ ಮಾಡಿಕೋ ಎಂದ. ನಾವು ಮಾಡುವುದು ಇದರ ತಿರುವುಮುರುವು. ದುಃಖವನ್ನು ಹೊರಗೆ ತಳ್ಳಲು ನೋಡುತ್ತೇವೆ, ಹಪಹಪಿಯನ್ನು ಮನೆಯಲ್ಲಿಟ್ಟು ಸಾಕುತ್ತೇವೆ. "ಈ ಸಂಕಟ ತೊಲಗಲಿ" ಎಂಬ ತುಡಿತವೂ ಒಂದು ಹಪಹಪಿಯೇ. ಬುದ್ಧ ಮೂರು ಬಗೆಯ ತಣ್ಹಾ ಹೇಳಿದ್ದಾನೆ: ಸುಖ ಬೇಕೆಂಬುದು, ನಾನು ಹೀಗೆ ಆಗಬೇಕು ಇರಬೇಕೆಂಬುದು, ಇಲ್ಲವಾಗಲಿ ಎಂಬುದು. ಈ ಮೂರನೆಯದು ತುಂಬಾ ಕಳ್ಳತನದ್ದು. ಧ್ಯಾನಕ್ಕೆ ಕೂತವರಲ್ಲೂ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಉಸಿರು ನೋಡುತ್ತಾ ಕೂತರೆ ಆತಂಕ ಹೋಗುತ್ತದೆ ಅಂತ ಕೂರುತ್ತೇವೆ. ನಡುನಡುವೆ "ಹೋಯಿತಾ, ಇಲ್ಲವಾ" ಅಂತ ಇಣುಕಿ ನೋಡುತ್ತೇವೆ. ಹೋಗದಿದ್ದರೆ ಎರಡನೆಯ ಬಾಣ ಮತ್ತೆ ಸಿದ್ಧ.

ವಿಪಶ್ಯನಾ ಎಂಬ ಧ್ಯಾನಪದ್ಧತಿಯ ಆಚಾರ್ಯ ಸತ್ಯನಾರಾಯಣ ಗೋಯಂಕಾ ಅವರ ಬದುಕಿನ ಒಂದು ಘಟನೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಅವರು ಬರ್ಮಾದಲ್ಲಿ ಹುಟ್ಟಿ ಬೆಳೆದ ಭಾರತೀಯ ಮೂಲದ ವ್ಯಾಪಾರಿ. ಅವರಿಗೆ ತೀವ್ರವಾದ ಮೈಗ್ರೇನ್ ಇತ್ತು. ಮಾರ್ಫೀನ್ ಚುಚ್ಚಿಸಿಕೊಳ್ಳುವಷ್ಟು ತಲೆನೋವು. 1955ರಲ್ಲಿ ರಂಗೂನಿನ ಸಯಾಜಿ ಊ ಬಾ ಖಿನ್ ಅವರ ಬಳಿಗೆ ಧ್ಯಾನ ಕಲಿಯಲು ಹೋದರು. ಊ ಬಾ ಖಿನ್ ಸನ್ಯಾಸಿಯಲ್ಲ, ಸ್ವತಂತ್ರ ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದ ಗೃಹಸ್ಥ. ತಲೆನೋವಿಗೆ ಮದ್ದು ಬೇಕೆಂದು ಬರುವುದಾದರೆ ಕಲಿಸುವುದಿಲ್ಲ ಎಂದುಬಿಟ್ಟರು. ಈ ವಿದ್ಯೆ ಇರುವುದು ಮನಸ್ಸಿನ ಕೊಳೆ ತೆಗೆಯಲು, ಅದಕ್ಕಾಗಿ ಬಾ, ತಲೆನೋವು ಹೋದರೆ ಅದು ಮೇಲಿನ ಲಾಭ ಎಂಬುದು ಅವರ ನಿಲುವು. ಮೊದಲು ಕೇಳಿದಾಗ ಇದು ಕಠೋರ ಅನಿಸಬಹುದು. ಆದರೆ ನೋವು ಹೋಗಲಿ ಎಂಬ ಹಟದಿಂದ ಕೂತರೆ, ನೋಡಬೇಕಾದ ಹಪಹಪಿಯೇ ನೋಡುವವನ ಜಾಗದಲ್ಲಿ ಕೂತಿರುತ್ತದೆ.

ನಾಲ್ಕು ಕಡೆ ಇಡುವ ಎಚ್ಚರ

ಎಚ್ಚರವನ್ನು ಬೆಳೆಸುವ ಬಗೆಯನ್ನು ಬುದ್ಧ ಎಲ್ಲಕ್ಕಿಂತ ವಿವರವಾಗಿ ಹೇಳಿದ್ದು ಸತಿಪಟ್ಠಾನ ಸುತ್ತದಲ್ಲಿ. ಸತಿಪಟ್ಠಾನ ಎಂದರೆ ಎಚ್ಚರವನ್ನು ನೆಲೆಗೊಳಿಸುವುದು. ಕುರು ದೇಶದ ಕಮ್ಮಾಸಧಮ್ಮ ಎಂಬ ಊರಿನಲ್ಲಿ ಹೇಳಿದ್ದು. ಆ ಊರಿನ ಬಗ್ಗೆ ಪಾಳಿ ಅಟ್ಟಕಥೆಯಲ್ಲಿ, ಅಂದರೆ ಹಳೆಯ ವ್ಯಾಖ್ಯಾನದಲ್ಲಿ, ಒಂದು ಚೆಂದದ ಮಾತಿದೆ. ಅಲ್ಲಿ ನೀರು ತರುವ ಕಡೆ, ನೂಲುವ ಕಡೆ ಹೆಂಗಸರು ಸೇರಿದರೂ ವ್ಯರ್ಥ ಮಾತಿಲ್ಲವಂತೆ. "ನೀನು ಯಾವ ಸತಿಪಟ್ಠಾನ ಮಾಡ್ತಿದ್ದೀಯಮ್ಮಾ?" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರಂತೆ. ಕಥೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೂ ಇದು ಕಾಡಿನ ಸನ್ಯಾಸಿಗಳ ಸೊತ್ತು ಮಾತ್ರ ಎಂದು ಹಳಬರು ಅಂದುಕೊಂಡಿರಲಿಲ್ಲ ಅನ್ನೋದು ಇದರಿಂದ ಗೊತ್ತಾಗುತ್ತದೆ.

ಎಚ್ಚರ ಇಡಬೇಕಾದ ನಾಲ್ಕು ಕಡೆಗಳು: ದೇಹ, ಹಿತ-ಅಹಿತದ ಅನುಭವ, ಮನಸ್ಸು, ಮತ್ತು ಮನಸ್ಸಿನಲ್ಲಿ ಏಳುವ ವಿಷಯಗಳು. ಇವು ಮೆಟ್ಟಿಲುಗಳೆಂದು ತಿಳಿಯಬೇಕಿಲ್ಲ. ಒಂದೇ ಕ್ಷಣವನ್ನು ನಾಲ್ಕು ಕಡೆಯಿಂದ ನೋಡುವ ಬಗೆ ಅಂದರೂ ಸರಿ.

ದೇಹದ ಭಾಗ ಉಸಿರಿನಿಂದ ಶುರುವಾಗುತ್ತದೆ. ಉದ್ದ ಉಸಿರು ಎಳೆದಾಗ ಉದ್ದ ಎಂದು ತಿಳಿಯುತ್ತಾನೆ, ಗಿಡ್ಡ ಎಳೆದಾಗ ಗಿಡ್ಡ ಎಂದು ತಿಳಿಯುತ್ತಾನೆ. ಉಸಿರನ್ನು ತಿದ್ದು, ತಡೆಹಿಡಿ ಅಂತ ಎಲ್ಲೂ ಇಲ್ಲ. ಪ್ರಾಣಾಯಾಮ ಮಾಡಿ ಅಭ್ಯಾಸ ಇರುವ ನಮ್ಮವರಿಗೆ ಇದು ಸ್ವಲ್ಪ ಕಷ್ಟ ಆಗುತ್ತದೆ. ಕೈ ಹಾಕದೆ ಸುಮ್ನೆ ನೋಡುವುದು ಬೇರೆಯೇ ವಿದ್ಯೆ. ಅಲ್ಲಿಂದ ಎಚ್ಚರ ಎದ್ದು ಓಡಾಡುತ್ತದೆ. ನಡೆಯುವಾಗ, ನಿಂತಾಗ, ಕೂತಾಗ, ಮಲಗಿದಾಗ. ಕೈ ಮಡಚುವಾಗ, ಚಾಚುವಾಗ. ಉಣ್ಣುವಾಗ, ಕುಡಿಯುವಾಗ. ಮಲಮೂತ್ರ ಮಾಡುವಾಗಲೂ ಎಂದು ಸುತ್ತ ಬಿಡಿಸಿ ಹೇಳುತ್ತದೆ. ಎಚ್ಚರಕ್ಕೆ ಮೈಲಿಗೆಯ ಜಾಗ ಇಲ್ಲ. ಕೂದಲು, ಉಗುರು, ಹಲ್ಲು, ಚರ್ಮ ಎಂದು ದೇಹದ ಭಾಗಗಳನ್ನು ಒಂದೊಂದಾಗಿ ನೋಡುವುದೂ, ಸ್ಮಶಾನದ ಹೆಣ ಹಂತಹಂತವಾಗಿ ಕರಗುವುದನ್ನು ನೆನೆದು "ನನ್ನ ಮೈಯೂ ಇದೇ ಸ್ವಭಾವದ್ದು" ಎಂದು ನೋಡುವುದೂ ಈ ಭಾಗದಲ್ಲೇ ಇವೆ.

ಎರಡನೆಯದು ನಾವು ಆಗಲೇ ನೋಡಿದ ಆ ಸಂದಿನ ಕೆಲಸ. ಹಿತವಾದಾಗ ಹಿತ, ಅಹಿತವಾದಾಗ ಅಹಿತ ಎಂದು ತಿಳಿಯುವುದು. ಮೂರನೆಯದರಲ್ಲಿ ಮನಸ್ಸಿನ ಬಣ್ಣ ನೋಡುವುದು. ಆಸೆ ಇರುವ ಮನಸ್ಸನ್ನು ಆಸೆ ಇರುವ ಮನಸ್ಸು ಎಂದು, ಸಿಟ್ಟಿನ ಮನಸ್ಸನ್ನು ಸಿಟ್ಟಿನ ಮನಸ್ಸು ಎಂದು ತಿಳಿಯುತ್ತಾನೆ ಎಂದಷ್ಟೇ ಬುದ್ಧ ಹೇಳುತ್ತಾನೆ. ಇಲ್ಲಿ "ಛೀ" ಇಲ್ಲ, "ನನಗೆ ಸಿಟ್ಟು ಬರಬಾರದಿತ್ತು" ಇಲ್ಲ. ಸಿಟ್ಟು ಬಂದದ್ದಕ್ಕೆ ನಮ್ಮ ಮೇಲೇ ಸಿಟ್ಟು ಮಾಡಿಕೊಂಡು ಬೆಳೆದ ನಮಗೆ ಇದೊಂದು ದೊಡ್ಡ ಬಿಡುಗಡೆ. ನಾಲ್ಕನೆಯದು ತನಿಖೆ. ಮನಸ್ಸಿಗೆ ಅಡ್ಡ ಬರುವ ಐದು ತಡೆಗಳು ಯಾವಾಗ ಹುಟ್ಟುತ್ತವೆ, ಹೇಗೆ ಹೋಗುತ್ತವೆ? ಮನಸ್ಸನ್ನು ಎಚ್ಚರಿಸುವ ಏಳು ಗುಣಗಳು ಹೇಗೆ ಬೆಳೆಯುತ್ತವೆ? ಅಂದರೆ ಸುಮ್ಮನೆ ನೋಡುತ್ತಾ ಕೂರುವುದಷ್ಟೇ ಇದಲ್ಲ. ಯಾವುದು ಯಾವುದನ್ನು ಹುಟ್ಟಿಸುತ್ತಿದೆ ಎಂದು ಕಲಿಯುವ ಕೆಲಸ.

ಪ್ರತಿ ಭಾಗದ ಕೊನೆಗೂ ಒಂದೇ ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಹುಟ್ಟುವುದನ್ನು ನೋಡುತ್ತಾನೆ, ಅಳಿಯುವುದನ್ನು ನೋಡುತ್ತಾನೆ, ತನ್ನಲ್ಲಿ ನೋಡುತ್ತಾನೆ, ಬೇರೆಯವರಲ್ಲಿ ನೋಡುತ್ತಾನೆ, ಲೋಕದಲ್ಲಿ ಯಾವುದಕ್ಕೂ ಅಂಟಿಕೊಳ್ಳದೆ ಇರುತ್ತಾನೆ. ನನ್ನ ಮಟ್ಟಿಗೆ ಇಡೀ ಸುತ್ತದ ಜೀವ ಇರುವುದು ಇಲ್ಲೇ.

ಇದು ಅಭ್ಯಾಸದಲ್ಲಿ ಹೇಗಿರುತ್ತದೆ? ನೆಲದ ಮೇಲೆ ಕದಲದೆ ಕೂತಿದ್ದೀರಿ. ಮಂಡಿ ನೋಯುತ್ತದೆ. ಮೊದಲಿಗೆ ಇದೊಂದು ಗಟ್ಟಿ ಉಂಡೆ: "ನನ್ನ ಮಂಡಿನೋವು". ಹತ್ತಿರದಿಂದ ನೋಡಿದಾಗ ಉಂಡೆ ಬಿಚ್ಚಿಕೊಳ್ಳುತ್ತದೆ. ಒಂದಷ್ಟು ಬಿಸಿ, ಒಂದಷ್ಟು ಬಿಗಿತ, ನಡುವೆ ಒಂದು ಮಿಡಿತ. ಅದರ ಪಕ್ಕದಲ್ಲೇ "ಇದು ಬೇಡ" ಎಂಬ ತಳ್ಳಾಟ. ಇನ್ನೂ ಪಕ್ಕದಲ್ಲಿ "ಗಂಟೆ ಯಾವಾಗ ಬಾರಿಸ್ತಾರೋ, ಮಂಡಿಗೆ ಏನಾದರೂ ಆಗಿಬಿಟ್ಟರೆ" ಎಂಬ ಕಥೆ. ಬಿಸಿ ಮತ್ತು ಬಿಗಿತ ಮಂಡಿಯಲ್ಲಿವೆ. ತಳ್ಳಾಟ ಮಂಡಿಯಲ್ಲಿಲ್ಲ. ಇದನ್ನು ಓದಿ ಒಪ್ಪುವುದು ಸುಲಭ. ಒಮ್ಮೆ ತಾನೇ ಕಂಡಾಗ ಆಗುವ ಬದಲಾವಣೆಯೇ ಬೇರೆ. ತಳ್ಳಾಟ ಸಡಿಲವಾದಾಗ ಬಿಗಿತ ಇದ್ದರೂ ಸಂಕಟ ಇರುವುದಿಲ್ಲ. ನಕುಲಪಿತನಿಗೆ ಸಾರಿಪುತ್ತ ಕೊಟ್ಟ ಉತ್ತರವೂ ಇದೇ ನೆಲೆಯದು. ಈ ಮೈ ನಾನು, ಈ ಮೈ ನನ್ನದು ಎಂಬ ಗೀಳಿನಲ್ಲಿ ಬದುಕಿದವನಿಗೆ ಮೈ ಬದಲಾದಾಗ ಶೋಕ ಹುಟ್ಟುತ್ತದೆ. ಆ ಗೀಳು ಇಲ್ಲದವನ ಮೈಯೂ ಬದಲಾಗುತ್ತದೆ, ಶೋಕ ಹುಟ್ಟುವುದಿಲ್ಲ.

(ಮಂಡಿ ನಿಜವಾಗಿಯೂ ಕೆಟ್ಟಿದ್ದರೆ ಕುರ್ಚಿಯ ಮೇಲೆ ಕೂರಿ. ಡಾಕ್ಟರ ಹತ್ತಿರ ಹೋಗಿ. ಮೊದಲ ಬಾಣವನ್ನು ಕೀಳಬೇಡಿ ಅಂತ ಬುದ್ಧ ಎಲ್ಲೂ ಹೇಳಿಲ್ಲ.)

ಕಲ್ಲಾಗುವುದೇ?

ಹೀಗಾದರೆ ಮನುಷ್ಯ ಮರಗಟ್ಟಿ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಗ್ರಂಥಗಳು ತೋರಿಸುವ ಬುದ್ಧನನ್ನೇ ನೋಡೋಣ. ಬುದ್ಧನ ವಿರುದ್ಧ ತಿರುಗಿಬಿದ್ದ ಶಿಷ್ಯ ದೇವದತ್ತ ಬಂಡೆ ಉರುಳಿಸಿದಾಗ ಅದರ ಚೂರು ಸಿಡಿದು ಬುದ್ಧನ ಕಾಲಿಗೆ ಗಾಯವಾಯಿತು. ಭಯಂಕರ ನೋವು ಇತ್ತು ಎಂದು ಸುತ್ತ ಮುಚ್ಚಿಡದೆ ಹೇಳುತ್ತದೆ. ಅವನು ಎಚ್ಚರದಿಂದ, ಕಂಗೆಡದೆ ಅದನ್ನು ಸಹಿಸಿಕೊಂಡು ಬಲಮಗ್ಗುಲಿಗೆ ಮಲಗಿದ. ಪಾವಾ ಎಂಬಲ್ಲಿ ಇನ್ನೊಮ್ಮೆ "ಬೆನ್ನು ನೋಯುತ್ತಿದೆ, ಸ್ವಲ್ಪ ಚಾಚಿಕೊಳ್ಳುತ್ತೇನೆ, ನೀನು ಉಪದೇಶ ಮುಂದುವರಿಸು" ಎಂದು ಸಾರಿಪುತ್ತನಿಗೆ ಬಿಟ್ಟು ಮಲಗಿದ. ಬೆನ್ನುನೋವನ್ನು ಗೆದ್ದೆ ಎಂದು ತೋರಿಸಿಕೊಳ್ಳುವ ಹಂಗು ಅವನಿಗೆ ಇರಲಿಲ್ಲ.

ತನ್ನ ಒಳಗನ್ನೇ ನೋಡುತ್ತಾ ಕೂರುವುದು ಸ್ವಾರ್ಥ ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಬುದ್ಧ ಸೇದಕ ಎಂಬ ಊರಿನಲ್ಲಿ ಒಂದು ಕಥೆ ಹೇಳಿದ. ಬಿದಿರ ಗಳದ ಮೇಲೆ ಆಡುವ ಒಬ್ಬ ದೊಂಬರಾಟದವನು. ಶಿಷ್ಯೆಯ ಹೆಸರು ಮೇದಕಥಾಲಿಕಾ. "ನನ್ನ ಭುಜದ ಮೇಲೆ ಹತ್ತು. ನೀನು ನನ್ನನ್ನು ಕಾಯಿ, ನಾನು ನಿನ್ನನ್ನು ಕಾಯುತ್ತೇನೆ. ಆಟ ತೋರಿಸಿ, ದುಡ್ಡು ಗಳಿಸಿ, ಕ್ಷೇಮವಾಗಿ ಇಳಿಯೋಣ" ಎಂದ ಗುರು. "ಹಾಗಲ್ಲ ಗುರುಗಳೇ, ನೀವು ನಿಮ್ಮನ್ನು ಕಾದುಕೊಳ್ಳಿ, ನಾನು ನನ್ನನ್ನು ಕಾದುಕೊಳ್ಳುತ್ತೇನೆ. ಆಗಲೇ ಇಬ್ಬರೂ ಕ್ಷೇಮವಾಗಿ ಇಳಿಯೋದು" ಎಂದಳು ಶಿಷ್ಯೆ. ಬುದ್ಧ ಅವಳ ಮಾತನ್ನು ಒಪ್ಪಿ ಮುಂದುವರಿಸಿದ. ತನ್ನನ್ನು ಕಾದುಕೊಂಡರೆ ಇತರರನ್ನು ಕಾದಂತೆ, ಇತರರನ್ನು ಕಾದರೆ ತನ್ನನ್ನು ಕಾದುಕೊಂಡಂತೆ. ಮೊದಲನೆಯದು ಅಭ್ಯಾಸದಿಂದ. ಎರಡನೆಯದು ತಾಳ್ಮೆ, ಅಹಿಂಸೆ, ಮೈತ್ರಿ, ಅನುಕಂಪಗಳಿಂದ. ಸಿಟ್ಟು ಬಂದದ್ದು ತನಗೇ ಗೊತ್ತಾಗದ ಅಪ್ಪನ ಮನೆಯಲ್ಲಿ ಮಕ್ಕಳು ಹೇಗಿರುತ್ತಾರೆ ಎಂದು ಬಲ್ಲವರಿಗೆ ಈ ಕಥೆ ವಿವರಿಸಬೇಕಿಲ್ಲ.

ಇದರಿಂದಲೇ ಎಂಟು ಅಂಗಗಳ ಮಾರ್ಗದಲ್ಲಿ ಎಚ್ಚರ ಏಳನೆಯದಾಗಿ ಬರುತ್ತದೆ. ಅದಕ್ಕೂ ಮುಂಚೆ ಸರಿಯಾದ ನೋಟ, ಸರಿಯಾದ ಸಂಕಲ್ಪ, ಮಾತು, ನಡತೆ, ಜೀವನೋಪಾಯ, ಪ್ರಯತ್ನಗಳಿವೆ. ಮೋಸ ಮಾಡುವವನಿಗೂ ಏಕಾಗ್ರತೆ ಬೇಕು, ಬೇಟೆಗಾರನಿಗೂ ಬೇಕು. ಅದನ್ನು ಬುದ್ಧ ಸಮ್ಯಕ್ ಎಚ್ಚರ ಎನ್ನುವುದಿಲ್ಲ. ನೌಕರರನ್ನು ಹಗಲು ರಾತ್ರಿ ದುಡಿಸಿ, ಅವರ ಒತ್ತಡಕ್ಕೆ ಹತ್ತು ನಿಮಿಷದ ಉಸಿರಾಟ ಹೇಳಿಕೊಡುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಬದಲಾಗಬೇಕಾದದ್ದು ಬೇರೆ ಇದೆ.

ವಿಹಾರದಿಂದ ಆಸ್ಪತ್ರೆಗೆ

ಇವತ್ತು ನಾವು ಕಾಣುವ ಧ್ಯಾನ ಶಿಬಿರಗಳ ಬೇರು ಬಹುಪಾಲು ಬರ್ಮಾದಲ್ಲಿದೆ. 1885ರಲ್ಲಿ ಬ್ರಿಟಿಷರು ಮಂಡಾಲೆಯನ್ನು ಹಿಡಿದು ಅಲ್ಲಿನ ರಾಜನನ್ನು ಗಡಿಪಾರು ಮಾಡಿದರು. ಧರ್ಮಕ್ಕೆ ಇದ್ದ ಅರಮನೆಯ ಆಸರೆ ಹೋಯಿತು. ಆಗ ಲೇಡಿ ಸಯಾಡೊ (1846–1923) ಎಂಬ ಭಿಕ್ಷು ಊರೂರು ತಿರುಗಿ ಸಾಮಾನ್ಯ ಜನರಿಗೆ ಅಭಿಧಮ್ಮವನ್ನೂ (ಮನಸ್ಸನ್ನು ಬಿಡಿಸಿ ನೋಡುವ ಬೌದ್ಧ ಶಾಸ್ತ್ರ) ಧ್ಯಾನವನ್ನೂ ಕಲಿಸಿದರು. ಧರ್ಮ ಉಳಿಯಬೇಕಾದರೆ ಅದು ಗೃಹಸ್ಥರ ಕೈಗೆ ಬರಬೇಕು ಎಂಬ ತುರ್ತು ಆ ಕಾಲದ್ದು. ಊ ಬಾ ಖಿನ್ ಆ ಸಾಲಿನವರು. ಮಹಾಸಿ ಸಯಾಡೊ (1904–1982) ಅವರದು ಇನ್ನೊಂದು ಸಾಲು. ಗೋಯಂಕಾ 1969ರಲ್ಲಿ ಭಾರತಕ್ಕೆ ಬಂದು ಶಿಬಿರ ಶುರುಮಾಡಿದರು. 1976ರಲ್ಲಿ ಮಹಾರಾಷ್ಟ್ರದ ಇಗತಪುರಿಯಲ್ಲಿ ಕೇಂದ್ರ ಎದ್ದಿತು. ಹತ್ತು ದಿನದ ಶಿಬಿರದಲ್ಲಿ ಮೊದಲು ಪಂಚಶೀಲ, ಮೌನ, ಉಸಿರಿನ ಗಮನ. ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳನ್ನು ನೋಡುವ ವಿಪಶ್ಯನಾ. ಕೊನೆಗೆ ಮೈತ್ರಿ. ಶುಲ್ಕ ಇಲ್ಲ, ಹಿಂದೆ ಕಲಿತವರ ದಾನದಿಂದ ನಡೆಯುತ್ತದೆ. ಬೆಂಗಳೂರಿನ ಹೊರವಲಯದಲ್ಲೂ ಈ ಪರಂಪರೆಯ ಕೇಂದ್ರವಿದೆ. ನಗರದ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿ, ಪಾಳಿ ಗ್ರಂಥಗಳನ್ನು ಅನುಸರಿಸುವ ಥೇರವಾದ ಪಂಥದ ಹಳೆಯ ನೆಲೆ. ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ ವಿಹಾರಗಳ ದಾರಿ ಬೇರೆ. ಅಲ್ಲಿ ತರ್ಕ, ಕರುಣೆಯ ಅಭ್ಯಾಸಗಳಿಗೆ ಜಾಸ್ತಿ ಒತ್ತು.

ಆಸ್ಪತ್ರೆಗೆ ಇದನ್ನು ತಂದವರು ಜಾನ್ ಕಬಾಟ್-ಜಿನ್. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ವಾಸಿಯಾಗದ ನೋವಿನ ರೋಗಿಗಳಿಗೆ ಒಂದು ತರಬೇತಿ ಶುರುಮಾಡಿದರು. ಧಾರ್ಮಿಕ ಮಾತುಗಳನ್ನು ಬದಿಗಿಟ್ಟು ಅಭ್ಯಾಸವನ್ನಷ್ಟೇ ಇಟ್ಟುಕೊಂಡರು. ಇದರಿಂದ ಬಹಳ ಜನರಿಗೆ ಉಪಕಾರವಾಗಿದೆ. ನೋವಿನಲ್ಲಿ ಇರುವವರಿಗೆ ಸಿಕ್ಕ ಪರಿಹಾರವನ್ನು ಅಲ್ಪ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಬುದ್ಧನ ಗುರಿ ಹಪಹಪಿಯ ಬೇರನ್ನೇ ಕೀಳುವುದು ಅನ್ನೋದು ನೆನಪಿರಲಿ.

ಒಂದು ಎಚ್ಚರಿಕೆಯ ಮಾತು. ಧ್ಯಾನ ಎಲ್ಲರಿಗೂ ಎಲ್ಲ ಹೊತ್ತಲ್ಲೂ ಹಿತವೇ ಆಗುತ್ತದೆ ಎಂದಿಲ್ಲ. ವೈಶಾಲಿಯಲ್ಲಿ ದೇಹದ ಅಶುಭವನ್ನು ನೋಡುವ ಅಭ್ಯಾಸದಿಂದ ಮೈಯ ಮೇಲೆ ಜಿಗುಪ್ಸೆ ಹುಟ್ಟಿ ಕೆಲವು ಭಿಕ್ಷುಗಳು ಪ್ರಾಣವನ್ನೇ ಕಳೆದುಕೊಂಡರೆಂದು ಪಾಳಿ ಗ್ರಂಥಗಳು ದಾಖಲಿಸಿವೆ. ಅದು ತಿಳಿದ ಬುದ್ಧ ಉಳಿದವರನ್ನೆಲ್ಲ ಕರೆಸಿ ಉಸಿರಿನ ಧ್ಯಾನ ಹೇಳಿಕೊಟ್ಟ. ಹಳೆಯ ಆಘಾತ ಹೊತ್ತವರು, ಮನೋರೋಗಕ್ಕೆ ಔಷಧಿಯಲ್ಲಿರುವವರು ದೀರ್ಘ ಶಿಬಿರಕ್ಕೆ ಹೋಗುವ ಮುಂಚೆ ವೈದ್ಯರ ಹತ್ತಿರ, ಕಲಿಸುವವರ ಹತ್ತಿರ ಮುಚ್ಚಿಡದೆ ಹೇಳಬೇಕು. ಕೂತಾಗ ತಡೆಯಲಾಗದ್ದು ಎದ್ದು ಬಂದರೆ ನಿಲ್ಲಿಸಬೇಕು. ಇದರಲ್ಲಿ ಸೋಲು ಏನೂ ಇಲ್ಲ.

ಆನಂದನ ರಾತ್ರಿ

ಬುದ್ಧನ ಕೊನೆಗಾಲದಲ್ಲಿ ಸಾರಿಪುತ್ತ ಮಗಧದ ನಾಲಕ ಎಂಬ ಊರಿನಲ್ಲಿ ತೀರಿಕೊಂಡ. ಚುಂದ ಎಂಬ ಕಿರಿಯ ಭಿಕ್ಷು ಅವನ ಭಿಕ್ಷಾಪಾತ್ರೆ ಮತ್ತು ಚೀವರ (ಭಿಕ್ಷುವಿನ ಬಟ್ಟೆ) ಹಿಡಿದು ಶ್ರಾವಸ್ತಿಗೆ ಬಂದ. ಸುದ್ದಿ ಕೇಳಿ, ಸದಾ ಬುದ್ಧನ ಜೊತೆಗಿದ್ದು ಸೇವೆ ಮಾಡುತ್ತಿದ್ದ ಶಿಷ್ಯ ಆನಂದ ಕುಸಿದುಹೋದ. "ಮೈಯೆಲ್ಲ ಮಂಕಾಗಿದೆ, ದಿಕ್ಕೇ ತೋಚುತ್ತಿಲ್ಲ, ಕಲಿತ ಧರ್ಮವೂ ನೆನಪಿಗೆ ಬರುತ್ತಿಲ್ಲ" ಎಂದು ಬುದ್ಧನ ಮುಂದೆ ಹೇಳಿಕೊಂಡ. ಬುದ್ಧ ಕೇಳಿದ: "ಸಾರಿಪುತ್ತ ಹೋಗುವಾಗ ನಿನ್ನ ಶೀಲವನ್ನು ತೆಗೆದುಕೊಂಡು ಹೋದನೇ? ನಿನ್ನ ಸಮಾಧಿಯನ್ನು, ಪ್ರಜ್ಞೆಯನ್ನು?" ಇಲ್ಲ, ಆದರೆ ಅವನು ನಮಗೆಲ್ಲ ದಾರಿ ತೋರಿಸುತ್ತಿದ್ದ, ಹುರುಪು ಕೊಡುತ್ತಿದ್ದ ಎಂದ ಆನಂದ. ಪ್ರಿಯವಾದದ್ದರಿಂದ ಅಗಲಿಕೆ ಇದ್ದೇ ಇದೆ ಎಂದು ಮೊದಲೇ ಹೇಳಿರಲಿಲ್ಲವೇ, ನಿನಗೆ ನೀನೇ ಆಸರೆಯಾಗು ಎಂದ ಬುದ್ಧ. ಹೇಗೆ ಎಂಬುದಕ್ಕೆ ಅವನು ಹೇಳಿದ್ದು ಆ ನಾಲ್ಕು ಕಡೆಯ ಎಚ್ಚರವನ್ನೇ.

ಸ್ವಲ್ಪ ಕಾಲಕ್ಕೆ ಬುದ್ಧನ ಇನ್ನೊಬ್ಬ ಹಿರಿಯ ಶಿಷ್ಯ ಮೊಗ್ಗಲ್ಲಾನನೂ ತೀರಿಕೊಂಡ. ಗಂಗೆಯ ದಡದ ಉಕ್ಕಚೇಲದಲ್ಲಿ ಭಿಕ್ಷುಗಳ ನಡುವೆ ಕೂತ ಬುದ್ಧ, "ಸಾರಿಪುತ್ತ, ಮೊಗ್ಗಲ್ಲಾನರಿಲ್ಲದೆ ಈ ಸಭೆ ನನಗೆ ಬರಿದಾಗಿ ಕಾಣುತ್ತದೆ" ಎಂದ. ಶೋಕ ಇಲ್ಲದವನ ಬಾಯಿಂದ ಬಂದ ಮಾತು ಇದು. ಪ್ರೀತಿಸಿದವರ ಜಾಗ ಖಾಲಿಯಾದದ್ದು ಅವನಿಗೂ ಕಂಡಿತು, ಅದನ್ನು ಬಾಯಿಬಿಟ್ಟು ಹೇಳಿದ.

ಆನಂದನಿಗೆ ಮಾತ್ರ ಇನ್ನೂ ಸಮಯ ಬೇಕಿತ್ತು. ಇಪ್ಪತ್ತೈದು ವರ್ಷ ಬುದ್ಧನ ನೆರಳಿನಂತೆ ಇದ್ದವನು, ಉಪದೇಶಗಳನ್ನೆಲ್ಲ ನೆನಪಿಟ್ಟವನು, ಆದರೂ ಬುದ್ಧ ಇರುವವರೆಗೆ ಪೂರ್ಣ ಬಿಡುಗಡೆ ಸಿಕ್ಕಿರಲಿಲ್ಲ. ಬುದ್ಧನ ಪರಿ‌ನಿರ್ವಾಣದ ನಂತರ ರಾಜಗೃಹದಲ್ಲಿ ಹಿರಿಯರ ಸಭೆ ಕೂಡಬೇಕಿತ್ತು. ಕಲಿಯುವುದು ಇನ್ನೂ ಬಾಕಿ ಇರುವಾಗ ಆ ಸಭೆಗೆ ಹೋಗುವುದು ಸರಿಯಲ್ಲ ಎಂದು ಹಿಂದಿನ ರಾತ್ರಿಯ ಬಹುಪಾಲು ಅವನು ದೇಹದ ಮೇಲಿನ ಎಚ್ಚರದಲ್ಲೇ ಕಳೆದ. ಬೆಳಗಿನ ಜಾವ ಮಲಗೋಣ ಎಂದು ಮೈ ಚೆಲ್ಲಿದ. ಕಾಲು ನೆಲ ಬಿಟ್ಟಿತ್ತು, ತಲೆ ದಿಂಬಿಗೆ ತಾಗಿರಲಿಲ್ಲ. ಆಗ ಅವನ ಮನಸ್ಸು ಬಿಡುಗಡೆ ಹೊಂದಿತು ಎಂದು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯ ಪಿಟಕ ಹೇಳುತ್ತದೆ. ಬೆಳಗ್ಗೆ ಅವನು ಸಭೆಗೆ ಹೋಗಿ ಕೂತ. ಹಿರಿಯ ಭಿಕ್ಷು ಮಹಾಕಸ್ಸಪ ಒಂದೊಂದಾಗಿ ಕೇಳುತ್ತಾ ಹೋದ, ಆನಂದ ಸುತ್ತಗಳನ್ನು ಒಪ್ಪಿಸುತ್ತಾ ಹೋದ.